ಗುಂಟೆಗೊಂದು ಮಾವು

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ನಮ್ಮ ಮಾಮಾ ಅದನ್ನು ಟೇಪು ಹಿಡಿದು ಅಳೆಯುವವರಲ್ಲ. ಬದುವಿನ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತು ಹದಿಮೂರು ಹೆಜ್ಜೆ ಹಾಕಿದರೆಂದರೆ ಗುಂಟೆಯ ಒಂದು ಮಗ್ಗುಲು ಮುಗಿಯಿತು. 2017ರ ಜನವರಿಯ ಒಂದು ಭಾನುವಾರ ಹಾಗೇ ನಡೆದು ನಿಂತು, ಚಪ್ಪಲಿಯಿಂದ ನೆಲಕ್ಕೆ ಗೀರೆಳೆದು, "ಇಲ್ಲೊಂದ ಮಾವು ಹಚ್ಚು. ಮತ್ತ ಹದಿಮೂರ ಹೆಜ್ಜಿ ನಡಿ, ಅಲ್ಲೊಂದ ಹಚ್ಚು. ಗುಂಟೆಕೊಂದ ಮಾವು, ನಡುವ ಬಯಲ" ಅಂದರು.

ನಾನು ಅವರ ಹಿಂದೆ ಬಿಲ್ ಬುಕ್ಕಿನ ಬೆನ್ನಿಗೆ ನಕ್ಷೆ ಬರೆದುಕೊಂಡು ನಿಂತಿದ್ದೆ. ನಕ್ಷೆಯಲ್ಲಿ 34 ಸೊನ್ನೆಗಳಿದ್ದವು. ಜಾಗ ಇದ್ದದ್ದು 12 ಗುಂಟೆ.

ಆ 12 ಗುಂಟೆ ಅವ್ವನ ತವರಿನ ಪಾಲು. ಧಾರವಾಡ ದಾಟಿ ಹಳಿಯಾಳದ ದಾರಿ ಹಿಡಿದರೆ ಸಿಗುವ ಊರಿನಲ್ಲಿ, ಮಾಮಾನ ಹೊಲಕ್ಕೆ ಅಂಟಿಕೊಂಡಿದೆ. ನಾನಿರುವುದು ಹುಬ್ಬಳ್ಳಿಯಲ್ಲಿ. ಸುಟ್ಟ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನನ್ನದು. ಬೇಸಿಗೆಯಲ್ಲಿ ರೈತರು ಬೋರಿನ ಮೋಟರು ಹೊತ್ತು ತಂದು, "ನಾಳಿಗೇ ಬೇಕ್ರಿ, ಗಿಡ ಒಣಗಾಕತ್ತಾವ" ಅಂತ ಬಾಗಿಲಲ್ಲೇ ಕೂಡುತ್ತಾರೆ. ಇಪ್ಪತ್ತು ವರ್ಷ ಬೇರೆಯವರ ಗಿಡಗಳ ದುಃಖ ಕೇಳಿಕೊಂಡು ಬಂದವನಿಗೆ ತನ್ನದೂ ನಾಲ್ಕು ಗಿಡ ಇರಲಿ ಅನ್ನಿಸಿದ್ದರಲ್ಲಿ ವಿಶೇಷವೇನಿಲ್ಲ. ನಾಲ್ಕು ಮೂವತ್ತನಾಲ್ಕಾದದ್ದು ಮನೆಯಲ್ಲಿ ಎಲ್ಲರನ್ನೂ ಕೇಳಿದ್ದರಿಂದ. ಮಗಳಿಗೆ ಬಾದಾಮಿ ಬೇಕು, ಹೆಂಡತಿಗೆ ಬೆಣ್ಣೆಹಣ್ಣು ಬೇಕು. ಅವ್ವ ಏನೂ ಕೇಳಲಿಲ್ಲ. "ಉಪ್ಪಿನಕಾಯಿಗಿ ಒಂದ ಹುಳಿ ಮಾವು ಇದ್ದರ ಸಾಕು" ಅಂದಳು. ಆ ಒಂದನ್ನು ಬಿಟ್ಟು ಉಳಿದೆಲ್ಲ ಬರೆದುಕೊಂಡೆ. ಮಾವಿನಲ್ಲಿ ಆಪೂಸ ನಾಲ್ಕು, ಮಲ್ಲಿಕಾ ಎರಡು, ಚಿಕ್ಕು ನಾಲ್ಕು, ಪೇರಲ ಐದು, ಗೋಡಂಬಿ ನಾಲ್ಕು, ಸೀತಾಫಲ ಮೂರು, ದಾಳಿಂಬೆ ಮೂರು, ಲಿಂಬೆ, ಬೆಣ್ಣೆಹಣ್ಣು, ಬಾದಾಮಿ ಎರಡೆರಡು, ನೆಲ್ಲಿ, ನೇರಳೆ, ಹಲಸು ಒಂದೊಂದು.

ಮಾವಿಗೆ 33 ಅಡಿ ಬಿಡಬೇಕೆಂಬುದು ಮಾಮಾನ ಸ್ವಂತ ಲೆಕ್ಕವೇನಲ್ಲ. ತೋಟಗಾರಿಕೆಯವರು ಹೇಳುವ 10 ಮೀಟರೂ ಅಷ್ಟೇ. ಎಕರೆಗೆ 40 ಗುಂಟೆ, ಎಕರೆಗೆ 40 ಮಾವು. ಪೇರಲಕ್ಕೆ 20 ಅಡಿ ಸಾಕು, ಸೀತಾಫಲಕ್ಕೆ 15, ಗೋಡಂಬಿಗೆ 25. ಇದೆಲ್ಲ ಗೊತ್ತಿದ್ದೇ ನಾನು ಎಲ್ಲಕ್ಕೂ 16 ಅಡಿ ಹಾಕಿದೆ. ಮೊಣಕಾಲೆತ್ತರದ ಅಗಿಯನ್ನು, ಅಂದರೆ ಸಸಿಯನ್ನು, 33 ಅಡಿಗೊಂದರಂತೆ ಹಚ್ಚಿ ದೂರ ನಿಂತು ನೋಡಿ, ಹೊಲ ಬೋಳಾಗಿ ಕಾಣುತ್ತದೆ. ಕಣ್ಣು ಒಪ್ಪುವುದಿಲ್ಲ. ಮಾಮಾ ನಕ್ಷೆ ನೋಡಿ ನಕ್ಕು, "ಇದೇನ್ ತ್ವಾಟೋ, ಬಸ್ ಸ್ಟ್ಯಾಂಡೋ?" ಅಂದರು. ಅಷ್ಟಕ್ಕೇ ಬಿಟ್ಟರು. ಅವರ ಸ್ವಭಾವವೇ ಹಾಗೆ, ಒಂದು ಮಾತನ್ನು ಎರಡು ಸಲ ಹೇಳುವುದಿಲ್ಲ.

ಏಪ್ರಿಲ್‌ನಲ್ಲಿ ತೆಗ್ಗು ತೋಡಿಸಲು ಶುರುಮಾಡಿದಾಗ ನೆಲ ತನ್ನ ಗುಣ ತೋರಿಸಿತು. ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೋದರೆ ಕಪ್ಪು ಎರಿ ಮಣ್ಣು, ಧಾರವಾಡದಿಂದ ಪಡುವಣಕ್ಕೆ ಹೋದರೆ ಕೆಂಪು ಮಸಾರಿ ಅನ್ನುವುದು ಎಲ್ಲರಿಗೂ ಗೊತ್ತು. ನಮ್ಮ 12 ಗುಂಟೆಯೊಳಗೇ ಎರಡೂ ಇವೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಹೊಲ ಇಳಿಜಾರಾಗಿದೆ. ಮೇಲಿನ ಅರ್ಧ ಕೆಂಪು ಮಸಾರಿ, ಎರಡು ಅಡಿ ಅಗೆದರೆ ಗರಸು ಸಿಗುತ್ತದೆ, ಹಾರೆ ಠಣ್ಣೆನ್ನುತ್ತದೆ. ಕೆಳಗಿನ ತುದಿಯಲ್ಲಿ ಮಣ್ಣು ಕಪ್ಪು ತಿರುಗಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಮಾಮಾ ಎರಡೂ ಕಡೆಯ ಮಣ್ಣನ್ನು ಒಂದೊಂದು ಹಿಡಿ ತಂದು, ನೀರು ಹಾಕಿ ನಾದಿ, ಬತ್ತಿಯಂತೆ ಹೊಸೆದು ಬಳೆ ಮಾಡಲು ಹೋದರು. ಮಸಾರಿ ಮುರಿದು ಬಿತ್ತು. ಎರಿ ಬಳೆಯಾಗಿ ಅವರ ಅಂಗೈ ಮೇಲೆ ಕೂತಿತು. "ಇಲ್ಲಿ ನೀರ ನಿಂದರತೈತಿ, ನೋಡಿ ಹಚ್ಚು" ಅಂದರು. ನಾನು ನೋಡಿ ಹಚ್ಚಿದೆನೆಂದೇ ತಿಳಿದಿದ್ದೆ. ಕಪ್ಪು ಮಣ್ಣು ಫಲವತ್ತಾದದ್ದು, ತುಟ್ಟಿಯ ಗಿಡಗಳು ಅಲ್ಲೇ ಇರಲಿ ಅಂತ ಬೆಣ್ಣೆಹಣ್ಣು, ದಾಳಿಂಬೆ, ಲಿಂಬೆಗಳನ್ನು ಕೆಳಗಿನ ತುದಿಗೆ ಹಾಕಿದೆ.

ಒಂದೊಂದು ತೆಗ್ಗೂ ಮೂರಡಿ ಉದ್ದ, ಅಗಲ, ಆಳ. ಮೇಲಿನ ಒಂದಡಿ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಮೇ ತಿಂಗಳಿಡೀ ತೆಗ್ಗು ಬಿಸಿಲಿಗೆ ಕಾಯಬೇಕು. ಆಮೇಲೆ ಮೇಲ್ಮಣ್ಣಿಗೆ ತಿಪ್ಪಿಗೊಬ್ಬರ, ಬೇವಿನ ಹಿಂಡಿ ಕಲಿಸಿ ತುಂಬಬೇಕು. ಗೊಬ್ಬರ ಪೂರ್ತಿ ಕಳಿತಿರಬೇಕು ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಂಡೆ. ಟ್ರ್ಯಾಕ್ಟರಿನವನು ತಂದು ಸುರಿದದ್ದರಲ್ಲಿ ಸೆಗಣಿಯ ಗಂಟೂ ಹುಲ್ಲಿನ ಎಳೆಯೂ ಹಾಗೇ ಇದ್ದವು. ಹಿಂಡಿಯೂ ಅರ್ಧ ತೆಗ್ಗುಗಳಿಗಷ್ಟೇ ಸಾಲಿತು. ಆ ವರ್ಷದ ದೀಪಾವಳಿ ಹೊತ್ತಿಗೆ ಎರಡು ಸೀತಾಫಲ, ಒಂದು ಚಿಕ್ಕು ಬಾಡಿ ನಿಂತವು. ಎಳೆದರೆ ಕೈಗೇ ಬಂದವು. ಬೇರಿನ ತೊಗಟೆಯೇ ಇರಲಿಲ್ಲ, ಒರಲಿ, ಅಂದರೆ ಗೆದ್ದಲು, ತಿಂದಿತ್ತು. ಹಸಿ ಗೊಬ್ಬರ ಹಾಕುವುದೆಂದರೆ ಒರಲಿಗೆ ಊಟಕ್ಕೆ ಕರೆದಂತೆ. ಹಲಸನ್ನು ಅದಕ್ಕೂ ಮೊದಲೇ ಆಡು ತಿಂದಿದ್ದವು. ಆಡಿಗೆ ಹಲಸಿನ ಎಲೆ ಅಂದರೆ ಪ್ರಾಣ. ಜಾಲಿಮುಳ್ಳಿನ ಬೇಲಿ ಆಮೇಲೆ ಬಂತು.

ಅಗಿ ಕೊಳ್ಳುವ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಂಟು ವರ್ಷದ ಕಥೆಯ ಬೇರು ಅಲ್ಲಿದೆ. ಚಿಕ್ಕುವನ್ನು ನೋಡಿ ತಂದೆ. ಎರಡು ಕಾಲಿಪತ್ತಿ, ಎರಡು ಡಿಎಚ್‌ಎಸ್-2. ಈ ಎರಡನೆಯದು ಕಾಲಿಪತ್ತಿಗೂ ಕ್ರಿಕೆಟ್ ಬಾಲ್ ಎಂಬ ಇನ್ನೊಂದು ಚಿಕ್ಕು ತಳಿಗೂ ಸಂಕರ ಮಾಡಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ತಳಿ. ಆಪೂಸ, ಬಾದಾಮಿಗಳನ್ನು ಮಾತ್ರ ಅವಸರದಲ್ಲಿ ರಸ್ತೆ ಬದಿಯ ಗಾಡಿಯವನ ಹತ್ತಿರ ತೆಗೆದುಕೊಂಡೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿತ್ತು, ಎರಡು ಒಳ್ಳೆಯ ಮಳೆ ಬಿದ್ದಿದ್ದವು, ನನಗೆ ಅಂಗಡಿ ಬಿಡುವಿದ್ದದ್ದು ಒಂದೇ ದಿನ.

ಕಲಮಿ ಗಿಡ ಅಂದರೆ ಎರಡು ಗಿಡ. ಕೆಳಗಿನದು ವಾಟೆಯಿಂದ, ಅಂದರೆ ಮಾವಿನ ಗೊರಟಿನಿಂದ, ಹುಟ್ಟಿದ ನಾಟಿ ಮಾವು. ಅದರ ಕಾಂಡ ಕತ್ತರಿಸಿ, ಸೀಳಿ, ಆಪೂಸಿನ ಟೊಂಗೆಯ ತುದಿಯನ್ನು ಗೂಟದಂತೆ ಚೂಪು ಮಾಡಿ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ನೆಲದಿಂದ ಒಂದು ಗೇಣು ಮೇಲೆ ಆ ಗಂಟು ಕಾಣುತ್ತದೆ. ಗಂಟಿನ ಮೇಲೆ ಬೆಳೆಯುವುದೆಲ್ಲ ಆಪೂಸ. ಗಂಟಿನ ಕೆಳಗೆ ಚಿಗುರುವುದೆಲ್ಲ ನಾಟಿ, ಅದನ್ನು ಕಂಡ ಕೂಡಲೇ ಚಿವುಟಿ ತೆಗೆಯಬೇಕು. ಗಂಟು ಮಣ್ಣಲ್ಲಿ ಹೂತುಹೋಗದಂತೆ ಹಚ್ಚಬೇಕು. ಇನ್ನು ಆ ಪಟ್ಟಿ. ಇಲ್ಲಿ ನನ್ನ ಕಸುಬೇ ನನಗೆ ಮೋಸ ಮಾಡಿತು.

ನಮ್ಮ ಕೆಲಸದಲ್ಲಿ ಎರಡು ತಂತಿ ಕೂಡಿಸಿ ಟೇಪು ಸುತ್ತಿದೆವೆಂದರೆ ಅದು ಮೋಟರಿನ ಆಯುಷ್ಯ ಮುಗಿಯುವವರೆಗೂ ಅಲ್ಲೇ ಇರಬೇಕು. ಬಿಚ್ಚಿದರೆ ಕೆಟ್ಟಿತು. ಅಗಿಗಳ ಮೇಲಿನ ಪಟ್ಟಿಯನ್ನೂ ಅದೇ ಭಕ್ತಿಯಿಂದ ಕಾಪಾಡಿಕೊಂಡು ಬಂದೆ. ಒಂದು ಕಡೆ ಸಡಿಲಾಗಿತ್ತೆಂದು ಅಂಗಡಿಯ ಕರಿ ಟೇಪು ಮೇಲಿಂದ ಇನ್ನೆರಡು ಸುತ್ತು ಹಾಕಿದ್ದೂ ಉಂಟು. ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ಗಾಳಿಗೆ ಕಾಲಿಪತ್ತಿಯೊಂದು ಗಂಟಿನ ಹತ್ತಿರ ಚಕ್ಕನೆ ಮುರಿದು ಬಿತ್ತು. ಮುರಿದ ಜಾಗ ನೋಡಿದೆ. ಪಟ್ಟಿಯ ಮೇಲೂ ಕೆಳಗೂ ಕಾಂಡ ಹೆಬ್ಬೆರಳಿನಷ್ಟು ದಪ್ಪ ಬೆಳೆದಿದೆ, ಪಟ್ಟಿ ಇದ್ದಲ್ಲಿ ಕಿರುಬೆರಳಿನಷ್ಟೇ ಉಳಿದಿದೆ. ದಾರ ಬಿಗಿದು ಕಟ್ಟಿದ ಬಲೂನಿನ ಕುತ್ತಿಗೆ ಇರುತ್ತದಲ್ಲ, ಹಾಗೆ. ಗಾಯ ಮಾಯ್ದು ಗಿಡ ಹೊಸ ಎಲೆ ಹಾಕಿದ ಮೇಲೆ ಪಟ್ಟಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಬೇಕಂತೆ. ಅದೇ ಕತ್ತಲೆಯಲ್ಲಿ ಮೊಬೈಲಿನ ಬೆಳಕು ಹಿಡಿದು ಉಳಿದ ಎಲ್ಲ ಗಿಡಗಳ ಪಟ್ಟಿ ಸೀಳಿದೆ. ಎರಡು ಪೇರಲದಲ್ಲಿ ಪಟ್ಟಿ ತೊಗಟೆಯೊಳಗೇ ಹೂತಿತ್ತು. ಆ ಗೀರು ಇವತ್ತಿಗೂ ಇದೆ.

2018ರ ಬೇಸಿಗೆ ಎಲ್ಲರಿಗೂ ಕಷ್ಟವಾಯಿತು. ಮಾಮಾನ ಬೋರಿನ ನೀರು ನಮಗೆ ವಾರಕ್ಕೊಮ್ಮೆ. ಅದಕ್ಕೆ ಬಾಡಿಗೆಯೆಂದರೆ ಅವರ ಮೋಟರಿನ ರಿಪೇರಿ ಪುಕ್ಕಟೆ. ಕುಂಬಾರರಿಂದ ಗಡಿಗೆ ತಂದು, ತಳಕ್ಕೆ ಸಣ್ಣ ತೂತು ಮಾಡಿ, ಹತ್ತಿ ಬಟ್ಟೆಯ ಬತ್ತಿ ತೂರಿಸಿ, ಗಿಡದಿಂದ ಒಂದೂವರೆ ಅಡಿ ದೂರಕ್ಕೆ ಕುತ್ತಿಗೆಯವರೆಗೆ ಹೂತೆ. ಭಾನುವಾರ ತುಂಬಿಸಿ ಬಾಯಿಗೆ ಪರಟೆ ಮುಚ್ಚಿ ಬಂದರೆ ಬುಧವಾರದವರೆಗೆ ಹಸಿ ಇರುತ್ತಿತ್ತು. ಬುಧವಾರ ಮಾಮಾನ ಮಗ ತುಂಬಿಸುತ್ತಿದ್ದ, ನೆನಪಾದರೆ. ಆ ಬೇಸಿಗೆಯಲ್ಲಿ ನಡುವಿನ ಸಾಲಿನ ಒಂದು ಆಪೂಸ ಪೂರ್ತಿ ಒಣಗಿತು. ಜೂನ್‌ನಲ್ಲಿ ಕಿತ್ತು ಹಾಕಲು ಹೋದಾಗ ಬುಡದಿಂದ ತಾಮ್ರದ ಬಣ್ಣದ ಚಿಗುರೊಂದು ನೇರ ಎದ್ದಿತ್ತು. ನನಗಾದ ಖುಷಿ ಹೇಳತೀರದು. ಮನೆಗೆ ಫೋಟೋ ಕಳಿಸಿದೆ, "ಸತ್ತದ್ದು ಬದುಕಿತು" ಅಂತ. ಒಣಗಿದ ಮೇಲಿನ ಕಡ್ಡಿಯನ್ನು ಕತ್ತರಿಸಿ ಹಾಕಿ, ಆ ಚಿಗುರಿಗೆ ಗೂಟ ಕಟ್ಟಿದೆ. ಅದು ಬೆಳೆದ ವೇಗ ನೋಡಬೇಕಿತ್ತು. ಎರಡು ವರ್ಷದಲ್ಲಿ ಉಳಿದ ಆಪೂಸಗಳನ್ನು ಮೀರಿಸಿ ನಿಂತಿತು. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದೆ.

ಬಾದಾಮಿಯ ಗುಟ್ಟು ಅಷ್ಟರಲ್ಲಿ ಬಯಲಾಗಿತ್ತು. ಎಲೆ ಅಂಗೈಗಿಂತ ದೊಡ್ಡದು, ಟೊಂಗೆಗಳು ಕೊಡೆಯ ಮೇಲೆ ಕೊಡೆ ಇಟ್ಟಂತೆ ಅಂತಸ್ತು ಅಂತಸ್ತಾಗಿ ಹರಡುತ್ತವೆ, ಉದುರುವ ಮೊದಲು ಎಲೆ ಕೆಂಪಾಗುತ್ತದೆ. ಶಾಲೆಗಳ ಅಂಗಳದಲ್ಲಿ ನೆರಳಿಗೆ ಹಚ್ಚುವ ಕಾಡು ಬಾದಾಮಿ ಅದು. ಅಂಗಡಿಯಲ್ಲಿ ತೂಗಿ ಕೊಡುವ ಬಾದಾಮಿಗೂ ಇದಕ್ಕೂ ಕುಲದ ಸಂಬಂಧವೇ ಇಲ್ಲ. ಆ ಬಾದಾಮಿ ಪೀಚ್ ಹಣ್ಣಿನ ಬಳಗದ್ದು, ಚಳಿಗಾಲದಲ್ಲಿ ನೂರಾರು ಗಂಟೆ ಗಟ್ಟಿ ಚಳಿ ತಾಗದಿದ್ದರೆ ಸರಿಯಾಗಿ ಹೂವೇ ಬಿಡುವುದಿಲ್ಲ. ಧಾರವಾಡದ ಚಳಿ ಅದಕ್ಕೆ ಸಾಲದು. ಗಾಡಿಯವನು ಸುಳ್ಳು ಹೇಳಿದ ಅನ್ನಲೂ ಬರುವುದಿಲ್ಲ, ಹೆಸರು ಬಾದಾಮಿಯೇ. ಮಗಳು ಮಾತ್ರ ಬಿಡಲಿಲ್ಲ. ಮೊದಲ ಕಾಯಿ ಬಿದ್ದ ವರ್ಷ ಕಲ್ಲಿನಿಂದ ಜಜ್ಜಿ ಜಜ್ಜಿ ಒಳಗಿನ ತಿರುಳು ತೆಗೆದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತದ್ದಕ್ಕೆ ಒಂದು ಚಮಚ. ರುಚಿ ಏನೋ ಬಾದಾಮಿಯದೇ.

ಗೋಡಂಬಿಗೆ ನಾನು ಏನೂ ಮಾಡಲಿಲ್ಲ, ಅದು ಎಲ್ಲವನ್ನೂ ಮಾಡಿತು. ಮೇಲಿನ ಗರಸಿನ ಮೂಲೆಯಲ್ಲಿ, ಬೇರೆ ಯಾವುದೂ ಬದುಕದಲ್ಲಿ ನಾಲ್ಕಕ್ಕೆ ನಾಲ್ಕೂ ಎದ್ದು ಮೂರನೇ ವರ್ಷಕ್ಕೇ ಹೂ ಬಿಟ್ಟವು. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನು, ಅಂಗಡಿ ಬಂದ್. ಮಾಮಾನ ಮಗ ಧಾರವಾಡಕ್ಕೆ ಹಾಲು ಹಾಕಲು ಬರುವಾಗ ಒಂದು ಕೈಚೀಲ ಬೀಜ ಕಳಿಸಿಕೊಟ್ಟ. ಹೇಗೂ ಕೆಲಸವಿಲ್ಲ, ಒಡೆಯೋಣ ಅಂತ ಪಕ್ಕಡ ಹಿಡಿದು ಅಡುಗೆಮನೆಯಲ್ಲಿ ಕೂತೆ. ಗೋಡಂಬಿಯ ಸಿಪ್ಪೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳು ಕಾಣುತ್ತವೆ, ಅವುಗಳ ತುಂಬ ಕಂದು ಎಣ್ಣೆ. ಅದು ಕೈಗೆ ಹತ್ತಿದಾಗ ಏನೂ ಅನ್ನಿಸಲಿಲ್ಲ. ಸ್ವಲ್ಪ ಜಿಗುಟು, ಅಷ್ಟೇ. ವಾರ್ನಿಷಿನಲ್ಲಿ ಕೈ ಅದ್ದಿ ಬೆಳೆದವನಿಗೆ ಅದೇನು ದೊಡ್ಡದು? ಮರುದಿನ ಬೆಳಿಗ್ಗೆ ಬೆರಳ ತುದಿಗಳು ಕಪ್ಪಾಗಿದ್ದವು. ಮೂರನೇ ದಿನ ಬೊಬ್ಬೆ ಎದ್ದು, ವಾರದೊಳಗೆ ಚರ್ಮ ಹಾವಿನ ಪೊರೆಯಂತೆ ಸುಲಿದು ಬಂತು. ಹಲ್ಲಿನಿಂದ ಒಡೆಯಲು ನೋಡಿದ ಒಂದೇ ಒಂದು ಬೀಜದ ಪ್ರಸಾದವಾಗಿ ತುಟಿಯೂ ಊದಿತ್ತು. ಮಾಸ್ಕ್ ಹಾಕುವ ಕಾಲವಾದ್ದರಿಂದ ಮಾನ ಉಳಿಯಿತು.

ಆ ಎಣ್ಣೆಯನ್ನು ವಾರ್ನಿಷು, ಬ್ರೇಕ್ ಲೈನಿಂಗ್ ತಯಾರಿಕೆಯಲ್ಲಿ ಬಳಸುತ್ತಾರೆಂದು ಆಮೇಲೆ ತಿಳಿದು ನಗು ಬಂತು. ಈಗ ಬೀಜ ಒಣಗಿಸಿ, ಮಾಮಾನ ಹೊಲದಲ್ಲೇ ತೂತು ಬಿದ್ದ ಹಳೇ ಡಬ್ಬಿಯಲ್ಲಿ ಹಾಕಿ, ಕೆಳಗೆ ಬೆಂಕಿ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಂತು ಸುಡುತ್ತೇವೆ. ಎಣ್ಣೆ ಚಿಮ್ಮಿ ಭುಗ್ಗೆಂದು ಹತ್ತಿಕೊಳ್ಳುತ್ತದೆ, ಹೊಗೆಗೆ ಕಣ್ಣು ಬಿಡಲಾಗದು. ಬೂದಿಯಲ್ಲಿ ಹೊರಳಿಸಿ, ಆರಿದ ಮೇಲೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಒಡೆಯುವುದು. ಒಂದು ಕಿಲೋ ಇಡೀ ಬೀಜಕ್ಕೆ ತಿರುಳು ಕಾಲು ಕಿಲೋ ಸಿಕ್ಕರೆ ಹೆಚ್ಚು. ಅಂಗಡಿಯ ಗೋಡಂಬಿ ತುಟ್ಟಿ ಅಂತ ನಾನು ಈಗ ಅನ್ನುವುದಿಲ್ಲ.

ಕೆಳಗಿನ ತುದಿಯ ತೀರ್ಪು 2019ರ ಆಗಸ್ಟ್‌ನಲ್ಲಿ ಬಂದಿತ್ತು. ಆ ತಿಂಗಳ ಮೊದಲ ವಾರದ ಮಳೆ ಈ ಭಾಗದವರಾರೂ ಮರೆಯುವಂಥದ್ದಲ್ಲ. ಎರಡು ಭಾನುವಾರ ಹೊಲಕ್ಕೆ ಹೋಗಲಾಗಲಿಲ್ಲ. ಹೋದಾಗ ಎರಿಯ ತುದಿಯಲ್ಲಿ ಮೊಣಕಾಲುದ್ದ ನೀರು, ದಾಳಿಂಬೆಗಳು ಅದರಲ್ಲಿ ಹಸಿರಾಗಿಯೇ ನಿಂತಿದ್ದವು. ನೀರು ಇಳಿಯಿತು, ಬಿಸಿಲು ಬಿತ್ತು. ಸಾವು ಬಂದದ್ದು ಆಗ. ಬಿಸಿಲು ಬಿದ್ದ ನಾಲ್ಕನೇ ದಿನಕ್ಕೆ ಬೆಣ್ಣೆಹಣ್ಣಿನ ಎಲೆಗಳು ಜೋತುಬಿದ್ದವು. ನೀರು ಕಡಿಮೆಯಾಯಿತೇನೋ ಅಂತ ಇನ್ನೊಂದು ಕೊಡ ಹಾಕಿದೆ! ಬೇರು ಉಸಿರುಗಟ್ಟಿ ಕೊಳೆತರೆ ಗಿಡಕ್ಕೆ ನೀರಿನ ನಡುವೆಯೇ ನೀರಡಿಕೆ. ಬೆಣ್ಣೆಹಣ್ಣು ಎರಡೂ, ದಾಳಿಂಬೆ ಮೂರೂ, ಲಿಂಬೆ ಒಂದು ಹೋದವು. ಅದೇ ನೀರಲ್ಲಿ ನಿಂತ ನೇರಳೆಗೆ ಮಾತ್ರ ಹಬ್ಬ. ಆ ವರ್ಷ ಅದು ನನ್ನ ತಲೆ ಮೀರಿ ಬೆಳೆಯಿತು. ಈಗ ಕೆಳಗಿನ ಬದುವಿನುದ್ದಕ್ಕೂ ಎರಡಡಿ ಆಳದ ಬಸಿಗಾಲುವೆ ಇದೆ. ಸತ್ತವುಗಳ ಜಾಗದಲ್ಲಿ ಏನೂ ಹಚ್ಚಿಲ್ಲ.

ನೆಲ್ಲಿಯದು ಬೇರೆ ಕಥೆ. ಮೈತುಂಬ ಹೂ, ಒಂದೂ ಕಾಯಿ ಇಲ್ಲ. ನೆಲ್ಲಿಗೆ ತನ್ನದೇ ಪರಾಗ ಹೊಂದುವುದಿಲ್ಲ, ಹತ್ತಿರದಲ್ಲಿ ಬೇರೆ ತಳಿಯ ಇನ್ನೊಂದು ನೆಲ್ಲಿ ಇರಬೇಕು. 2020ರ ಮಳೆಗಾಲದಲ್ಲಿ ಹಚ್ಚಿದ ಎರಡನೆಯದು ಹೂ ಬಿಟ್ಟ ವರ್ಷ ಎರಡೂ ಕಾಯಿ ಕಚ್ಚಿದವು. ಪೇರಲದ ಬಗ್ಗೆ ಹೇಳುವುದಾದರೆ, ಹುಬ್ಬಳ್ಳಿ-ಧಾರವಾಡದ ನಡುವೆ ನವಲೂರ ಪೇರಲದ ಬುಟ್ಟಿ ನೋಡುತ್ತ ಬೆಳೆದ ನಮಗೆ ಮನೆಯ ಪೇರಲ ಹಿಡಿಸುವುದು ಕಷ್ಟ. ಮಳೆಗಾಲದ ಹಣ್ಣು ಸಪ್ಪೆ, ಒಡೆದರೆ ಹುಳ. ಹಣ್ಣುನೊಣದ ಬಲೆ ಕಟ್ಟಿದರೂ ಅರ್ಧ ಹೋಗುತ್ತದೆ. ಈಗ ಬೇಸಿಗೆಯಲ್ಲಿ ನೀರು ನಿಲ್ಲಿಸಿ, ಆಗ ಬಿಟ್ಟ ಹೂವನ್ನು ಚಿವುಟಿ ಹಾಕುತ್ತೇನೆ. ಮಿರಗದಲ್ಲಿ ಬಿಡುವ ಹೂವಿನ ಹಣ್ಣು ಚಳಿಗಾಲಕ್ಕೆ ಬರುತ್ತದೆ. ಅದು ಗಟ್ಟಿ, ಸಿಹಿ, ಹುಳವಿಲ್ಲ. ನವಲೂರಿನಷ್ಟು ಅಲ್ಲ.

ಆಪೂಸ 2021ರಲ್ಲಿ ಮೊದಲ ಸಲ ಹಣ್ಣು ಕೊಟ್ಟವು, ಮೂರು ಗಿಡ ಸೇರಿ ಹನ್ನೊಂದು. ಸೀಕರಣಿಗೆ ಸಾಲಲಿಲ್ಲ, ಹೆಚ್ಚಿ ಹಂಚಿಕೊಂಡೆವು. ನಮ್ಮ ಎತ್ತರದ ಗಿಡ ಮಾತ್ರ ಹೂವೇ ಬಿಡಲಿಲ್ಲ. ಮುಂದಿನ ವರ್ಷವೂ ಇಲ್ಲ. 2023ರ ಫೆಬ್ರುವರಿಯಲ್ಲಿ ಗಿಡದ ತುಂಬ ಹೂ. ಬೂದಿರೋಗ ಬಾರದಿರಲೆಂದು ನೀರಲ್ಲಿ ಕಲಿಯುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬಿಸಿಲೇರುವ ಮೊದಲು ಹೊಡೆದೆ, ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ. ಏಪ್ರಿಲ್‌ನಲ್ಲಿ ಗೊಂಚಲು ಗೊಂಚಲು ಕಾಯಿ. ಆದರೆ ಕಾಯಿ ಆಪೂಸಿನ ಹಾಗೆ ಭುಜ ಬಿಟ್ಟುಕೊಳ್ಳಲಿಲ್ಲ. ಸಣ್ಣದು, ಉದ್ದನೆಯದು, ತುದಿಗೆ ಗಿಣಿಮೂಗು. ಒಂದನ್ನು ಕಿತ್ತು ಕಚ್ಚಿದೆ. ಹಲ್ಲು ಚುರ್ರೆಂದು ಕಣ್ಣು ಮುಚ್ಚಿತು.

ಮಾಮಾ ಬಂದು ಕಾಯಿ ನೋಡಲೇ ಇಲ್ಲ. ಕೂತು, ಬುಡದ ಒಣ ಎಲೆ ಸರಿಸಿ, ಬೆರಳಿಟ್ಟು ತೋರಿಸಿದರು. ಕಾಂಡದ ಮಗ್ಗುಲಲ್ಲಿ ಹೆಬ್ಬೆರಳಿನಷ್ಟು ಒಣ ಮೊಂಡು, ಅದರ ಮೇಲೆ ನಾನು 2018ರಲ್ಲಿ ಕತ್ತರಿಸಿದ ಗುರುತು, ಗುರುತಿನ ಕೆಳಗೆ ಕಲಮಿನ ಗಂಟು. ದೊಡ್ಡ ಕಾಂಡ ಹೊರಟದ್ದು ಗಂಟಿಗಿಂತ ನಾಲ್ಕು ಬೆರಳು ಕೆಳಗಿನಿಂದ.

"ನಿನ್ನ ಆಪೂಸ ಆವಾಗ ಸತ್ತಿತ್ತು. ಇದು ತಳದ ನಾಟಿ."

"ಮಾಮಾ, ನಿಮಗ ಗೊತ್ತಿತ್ತ?"

"ಗೊತ್ತಿತ್ತು. ನಿಮ್ಮವ್ವ ಹುಳಿ ಗಿಡ ಬೇಕಂದಿದ್ಲಲ್ಲ, ಅದಕ್ಕ ಬಿಟ್ಟೀ ಅಂತ ತಿಳಕೊಂಡಿದ್ದೆ."

ಅವ್ವ ಆ ವರ್ಷ ಎರಡು ಭರಣಿ ಉಪ್ಪಿನಕಾಯಿ ಹಾಕಿದಳು. ಹಾಕುವಾಗ ಪ್ರತಿ ಹೋಳನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ವಾಟೆ ಬಲಿತಿದೆ, ನಾರು ಹದವಾಗಿದೆ, ಹೋಳು ವರ್ಷವಾದರೂ ಮೆತ್ತಗಾಗುವುದಿಲ್ಲ ಅಂದಳು. ಹಾಗೇ ಆಯಿತು.

2023ರಲ್ಲಿ ಮಳೆ ಕೈಕೊಟ್ಟಾಗ ಜಾಗದ ಜಗಳ ಶುರುವಾಯಿತು. ಅಷ್ಟೊತ್ತಿಗೆ ನಡುವಿನ ಸಾಲಿನಲ್ಲಿ ಟೊಂಗೆಗೆ ಟೊಂಗೆ ಹೆಣೆದುಕೊಂಡಿತ್ತು. ಆಪೂಸಿಗೂ ಆ ನಾಟಿಗೂ ನಡುವೆ 16 ಅಡಿ, ಎರಡೂ ಒಂದರೊಳಗೊಂದು ಕೈ ತೂರಿಸಿ ನಿಂತಿದ್ದವು. ಒಳಗೆ ಬಿಸಿಲಿಲ್ಲ, ಗಾಳಿಯಾಡುವುದಿಲ್ಲ. ಜಿಗಿಹುಳುವಿಗೆ ಅಂಥದೇ ಜಾಗ ಬೇಕು, ಹೂಗೊಂಚಲ ಹತ್ತಿರ ಹೋದರೆ ಮುಖಕ್ಕೆ ಚಿಟಿಚಿಟಿ ಸಿಡಿಯುತ್ತವೆ. ಹೂ ಬರುವುದು ಬಿಸಿಲು ಕಂಡ ನೆತ್ತಿಯ ಮೇಲಷ್ಟೇ. ಆ ನೆತ್ತಿಯ ಹಣ್ಣು ಕಣ್ಣಕಪಡಿ ಬಾವಲಿಗಳಿಗೆ, ಮಂಗ್ಯಾಗಳಿಗೆ. ಮಲ್ಲಿಕಾ ಸಣ್ಣ ಆಳಿನ ಗಿಡ, ಕತ್ತರಿ ಆಡಿಸುತ್ತ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಆಪೂಸ ಹಾಗಲ್ಲ, ಅದು ಹರಡುವ ಜಾತಿ.

2024ರಲ್ಲಿ ಆ ಆಪೂಸ ಮೂರೇ ಹಣ್ಣು ಕೊಟ್ಟಿತು. ಒಂದು ವರ್ಷ ಕೊಟ್ಟು ಒಂದು ವರ್ಷ ಸುಮ್ಮನಿರುವುದು ಅದರ ಹುಟ್ಟುಗುಣ. 2025ರಲ್ಲಿ ನೂರರ ಹತ್ತಿರ ಬಂತು, ಕುಯ್ದರೆ ಎಷ್ಟೋ ಹಣ್ಣುಗಳ ಒಳಗೆ ವಾಟೆಯ ಸುತ್ತ ಬೆಳ್ಳಗೆ, ಸ್ಪಂಜಿನಂತೆ, ಹುಳಿ ಹುಳಿ. ಹೊರಗಿನಿಂದ ಬಂಗಾರ. ನಾಟಿ ಮೂರು ವರ್ಷವೂ ತಪ್ಪದೆ ಕೊಟ್ಟಿತು.

ಎರಡರಲ್ಲಿ ಒಂದು ಹೋಗಬೇಕು ಅನ್ನುವುದು ನನಗೂ ಮಾಮಾಗೂ ಒಪ್ಪಿಗೆಯಾಗಿತ್ತು. ಯಾವುದು ಅನ್ನುವುದರಲ್ಲೂ ಅನುಮಾನವಿರಲಿಲ್ಲ. ಕೊಡಲಿ ಮಸೆದಾಗಿತ್ತು. ಜೂನ್‌ನ ಆ ಭಾನುವಾರ ಅವ್ವನನ್ನೂ ಕರೆದುಕೊಂಡು ಹೋದದ್ದು ಸುಮ್ಮನೆ, ತವರು ನೋಡಿದಂತಾಗಲಿ ಅಂತ. ನಾನು ನಾಟಿಯ ಬುಡದ ಕಸ ಬಳಿಯುತ್ತಿದ್ದೆ.

"ಏನ್ ಮಾಡಾಕತ್ತಿ?"

"ಇದನ್ನ ತೆಗೀತೇವಿ ಅವ್ವಾ. ಇಕ್ಕಟ್ಟಾಗೇತಿ."

"ಕಾಯಿ ಬಿಡೂ ಗಿಡಕ್ಕ ಕೊಡ್ಲಿ ಹಾಕ್ತೀ?"

"ಎರಡೂ ಬಿಡತಾವ ಅವ್ವಾ. ಅದು ಆಪೂಸ, ಇದು ಹುಳಿ."

ಅವ್ವ ಎರಡೂ ಗಿಡಗಳ ನಡುವೆ ನಿಂತು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಪೂಸ ಸುಭಾಸ ರೋಡಿನ್ಯಾಗ ಡಜನ್ನಿಗಟ್ಟಲೆ ಸಿಗತಾವು. ಹಿಂಥಾ ಕಾಯಿ ಎಲ್ಲಿಂದ ತರತಿ? ಅದನ್ನ ಕಡಿ."

ಮಾಮಾನ ಕಡೆ ನೋಡಿದೆ. ಅವರು ಬೀಡಿ ಹಚ್ಚುವುದರಲ್ಲಿದ್ದರು. "ಹೊಲ ಆಕಿದು" ಅಂದರು.

ಎಂಟು ವರ್ಷದ ಆಪೂಸ ಉರುಳಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೊಡಲಿ ಬಿದ್ದಲ್ಲೆಲ್ಲ ಸೊನೆ ಇಳಿದು ಮೈಕೈಗೆ ಸಿಡಿಯಿತು. ಬಿದ್ದ ಮೇಲೆ ಬೆಳಕು ಒಮ್ಮೆಲೇ ಒಳಗೆ ನುಗ್ಗಿತು, ನಾಟಿಯ ಒಳಗಿನ ಟೊಂಗೆಗಳು ಎಷ್ಟೋ ವರ್ಷದಿಂದ ಎಲೆಯಿಲ್ಲದೆ ಇದ್ದದ್ದು ಆಗ ಕಂಡಿತು. ಮಾಮಾ ಬೀಡಿ ಎಸೆದು ಎದ್ದು, ನಾಟಿಯ ಬುಡದಿಂದ ಮೊಂಡಿನ ಆಚೆಯ ಮಲ್ಲಿಕಾದವರೆಗೆ ಹೆಜ್ಜೆ ಹಾಕಿದರು. ಹದಿಮೂರು. ಏನೂ ಹೇಳಲಿಲ್ಲ.

ಆಗಸ್ಟ್‌ನಲ್ಲಿ ಮೊಂಡು ಚಿಗುರಿತು. ತಾಮ್ರದ ಬಣ್ಣದ ಐದಾರು ಚಿಗುರು, ಅವೇ ಹಳೆಯ ಚಂದದವು. ಈ ಸಲ ಫೋಟೋ ತೆಗೆಯಲಿಲ್ಲ. ಮೊಣಕಾಲೂರಿ ಕೂತು ಮಣ್ಣು ಸರಿಸಿ ನೋಡಿದೆ. ಎಲ್ಲವೂ ಗಂಟಿನ ಕೆಳಗಿನವು. ಅವ್ವ ಹಿಂದೆ ಬಂದು ನಿಂತು, "ಅದೂ ಹುಳೀನ?" ಅಂದಳು. ಹೌದೆಂದೆ. ಒಂದನ್ನು ಉಳಿಸು ಅನ್ನುತ್ತಾಳೇನೋ ಅಂತ ಕಾದೆ, ಅನ್ನಲಿಲ್ಲ. ಹೆಬ್ಬೆರಳಿನಿಂದ ಒಂದೊಂದಾಗಿ ಚಿವುಟಿ ಹಾಕಿದೆ. ಹದಿನೈದು ದಿನ ಬಿಟ್ಟು ಹೋದಾಗ ಮತ್ತೆ ಬಂದಿದ್ದವು.